ಹೊಸ ಹಾಡು ಕೇಳೋಕೆ ಹೋದ್ವಿ, ಮೊದಲು ಕೇಳಿಸಿದ್ದು ‘ಗುಂಯ್’

ಕ್ಯಾಮೆರಾ ಅಲ್ಲಾಡ್ತಿದೆ, ಮೆಟ್ಟಿಲು ಹತ್ತುತಾ ಇದೀನಿ. ಜಯನಗರದ ಒಂದು ಟೆರೇಸ್ ಇದು. ಇವತ್ತು ಮೂರು ಜನ ಹಾಡ್ತಾರೆ. ಮೂವರೂ ತಾವೇ ಬರೆದು, ತಾವೇ ರಾಗ ಹಾಕಿರೋ ಕನ್ನಡ ಹಾಡುಗಳು. ಟಿಕೆಟ್ 399. ಕಾಫಿ 160 ಅಂದ್ರು, ಬೇಡ ಅಂದೆ.

ಈ ಶಾಟ್ ಕೆಳಗಡೆ ಪಾರ್ಕಿಂಗ್‌ದು. ಪೇಪರ್ ಹಚ್ಚಿ ತಮಟೆ ಕಾಯಿಸ್ತಿದಾರೆ ನೋಡಿ. ಮಳೆ ಬಂದು ನಿಂತಿತ್ತು, ತೇವಕ್ಕೆ ಚರ್ಮ ಸಡಿಲ ಆಗಿ ಸದ್ದು ಮಂಕಾಗಿಬಿಡತ್ತೆ. ಬಿಸಿ ತಾಗಿದ್ರೆ ಬಿಗೀತದೆ. ಬೆರಳಲ್ಲಿ ತಟ್ಟಿ ಕೇಳ್ತಾರೆ, ಮತ್ತೆ ಬೆಂಕಿಗೆ ಹಿಡೀತಾರೆ, ಮತ್ತೆ ತಟ್ತಾರೆ. ನನಗೆ ಇದನ್ನೇ ಒಂದು ಗಂಟೆ ನೋಡ್ತಾ ಕೂರಬಹುದು ಅನ್ನಿಸ್ತು.

ಈಗ ಟೆರೇಸ್. ಏಳಕ್ಕೆ ಶುರು ಅಂತ ಹಾಕಿದ್ರು. ಈ ಸದ್ದು ಕೇಳಿಸ್ತಿದೆಯಾ? ಗುಂಯ್... ಇದು ಗಿಟಾರ್ ಸ್ಪೀಕರಿಗೆ ಹಾಕಿದ ತಕ್ಷಣ ಬಂದಿದ್ದು. ಕೇಬಲ್ ಬದಲಾಯಿಸಿದ್ರು, ಹೋಗಲಿಲ್ಲ. ಪ್ಲಗ್ ಪಾಯಿಂಟ್ ಬದಲಾಯಿಸಿದ್ರು, ಹೋಗಲಿಲ್ಲ. ಹಾಡೋ ಹುಡುಗಿ ಪಾಪ, ಪ್ರತಿ ಸಲ ಒಂದೇ ಸಾಲು ಹೇಳಿ ನಿಲ್ಲಿಸ್ತಾಳೆ. ಎರಡು ಕಡೆ ಅರ್ತಿಂಗ್ ಸೇರ್ಕೊಂಡಾಗ ಈ ಥರ ಬರುತ್ತೆ. ಗಿಟಾರಿಗೂ ಸ್ಪೀಕರಿಗೂ ಮಧ್ಯೆ ಡಿಐ ಬಾಕ್ಸ್ ಅಂತ ಪುಟ್ಟ ಡಬ್ಬಿ ಇರುತ್ತಲ್ಲ, ಅದರಲ್ಲಿ ಗ್ರೌಂಡ್ ಲಿಫ್ಟ್ ಅಂತ ಒಂದು ಸ್ವಿಚ್ಚು, ಒಂದು ಕಡೆಯ ಅರ್ತಿಂಗ್ ಬಿಡಿಸೋಕೆ. ಕೊನೆಗೆ ಯಾರೋ ಬಂದು ಅದನ್ನ ಒತ್ತಿದ್ರು, ನಿಂತೇ ಹೋಯ್ತು! ಒಂದು ಸ್ವಿಚ್ಚಿಗೆ ಮುಕ್ಕಾಲು ಗಂಟೆ. ಸೌಂಡಿನವರು ಬಾಡಿಗೆ ದುಡ್ಡು ತಗೊಂಡ ಮೇಲೆ ಮಧ್ಯಾಹ್ನವೇ ಬಂದು ನೋಡಬೇಕಿತ್ತು. ನನಗೆ ನಿಜವಾಗ್ಲೂ ಸಿಟ್ಟು ಬಂತು. ಯಾಕೆ ಅಂತ ಹೇಳ್ತೀನಿ, ಮೊದಲು ಹಾಡು ಕೇಳಿ.

ಮೊದಲನೆಯವನು ಲೂಪ್ ಪೆಡಲ್ ಇಟ್ಕೊಂಡಿದಾನೆ, ಕಾಲಲ್ಲಿ ತುಳಿದ್ರೆ ಬಾರಿಸಿದ್ದನ್ನೇ ರೆಕಾರ್ಡ್ ಮಾಡಿ ಮತ್ತೆ ಮತ್ತೆ ನುಡಿಸೋ ಯಂತ್ರ. ಜಾನಪದ ಅಂದ್ಕೊಂಡು ಪೆಡಲ್ ತುಳಿಯೋದು ನನಗೆ ಆಗಲ್ಲ. ...ಅಲ್ಲ, ತಡೀರಿ, ಇದು ಚೆನ್ನಾಗಿದೆ. ಗಿಟಾರ್ ಡಬ್ಬಿ ಮೇಲೆ ತಟ್ಟಿ ಅದನ್ನೇ ಸುತ್ತು ಹಾಕಿಸಿದ, ಮೇಲೆ ತನ್ನದೇ ಸೊಲ್ಲು ಎತ್ತಿದ. ಊರಲ್ಲಿ ಸೊಲ್ಲು ಎತ್ತೋಕೆ ಹಿಮ್ಮೇಳ ಇರುತ್ತೆ, ಇವನು ಒಬ್ಬನೇ. ಹಂಗಾದ್ರೆ ಬೇಕು ಬಿಡಿ, ಇವನಿಗೆ ಪೆಡಲ್ ಬೇಕು.

ಎರಡನೆಯವಳು ಅದೇ ಸೌಂಡ್ ಚೆಕ್ ಹುಡುಗಿ. ಹುಬ್ಬಳ್ಳಿ ಕಡೆಯವಳು. ಅಪ್ಪ ಮಾರ್ಕೆಟ್‌ನಲ್ಲಿ ಹಮಾಲಿ ಅಂತೆ, ಉಳ್ಳಾಗಡ್ಡಿ ಚೀಲದ ಬಗ್ಗೆ ಹಾಡು ಬರೆದಿದಾಳೆ. ಆದ್ರೆ ಬೇಸ್ ಇಷ್ಟು ಜೋರಿದೆ, ಎರಡನೇ ಚರಣದ ಮಾತೇ ಕಿವಿಗೆ ಬೀಳ್ತಿಲ್ಲ. ನನ್ನ ಸಿಟ್ಟು ಇದೇ. ಶಿಶುನಾಳ ಶರೀಫರ ಪದ ಹಾಡಿದ್ರೆ ಸೌಂಡ್ ಕೆಟ್ಟರೂ ನಡೆಯುತ್ತೆ, ನಮಗೆಲ್ಲ ಬಾಯಿಪಾಠ. ಅವರು ಹುಟ್ಟಿದ್ದು 1819ರಲ್ಲಿ, ಇನ್ನೂ ಜನ ಹಾಡ್ತಾರೆ. ರಘು ದೀಕ್ಷಿತ್ 2008ರ ಮೊದಲ ಆಲ್ಬಮ್‌ನಲ್ಲಿ ಶರೀಫರನ್ನ ಗಿಟಾರ್ ಜೊತೆ ತಂದಾಗ್ಲೂ ಮಾತು ಮೊದಲೇ ಗೊತ್ತಿದ್ದೋರು ಎಷ್ಟೋ ಜನ. ಈ ಹುಡುಗಿ ಹಾಡು ಯಾರಿಗೂ ಗೊತ್ತಿಲ್ಲ. ಇವತ್ತು ಮಾತು ಕೇಳಿಸಲಿಲ್ಲ ಅಂದ್ರೆ ಆ ಹಾಡು ನಮಗೆ ಸಿಗಲೇ ಇಲ್ಲ ಅಂತಲೇ. ನಾನೇ ಹೋಗಿ ಹೇಳಿದೆ, ‘ಅಣ್ಣಾ, ಬೇಸ್ ಇಳಿಸಿ, ವಾಯ್ಸ್ ಏರಿಸಿ’ ಅಂತ. ಏರಿಸಿದ್ರು. ಮೂರನೇ ಹಾಡಿಂದ ಕೇಳಿ, ಒಂದೊಂದು ಅಕ್ಷರಾನೂ ಬಿಡಿಬಿಡಿಯಾಗಿದೆ.

ಹಿಂದಿಂದ ಯಾರೋ ‘ಕೋಡಗನ ಕೋಳಿ’ ಅಂತ ಕೂಗ್ತಿದಾರೆ. ಪ್ಲೀಸ್, ಬೇಡ. ಅದನ್ನ ಮನೇಲಿ ಹಾಕ್ಕೊಳಿ, ಇವಳದನ್ನ ಕೇಳಿ.

ತಮಟೆ ಬಂದಿದ್ದು ಕೊನೆಯವನ ಜೊತೆ. ಮೂರೇ ಹಾಡು. ರಾತ್ರಿ ಹತ್ತಾದ ಮೇಲೆ ಸ್ಪೀಕರ್ ಹಾಕೋ ಹಾಗಿಲ್ಲ, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಅದು, ನಾನು ಅದಕ್ಕೆ ವಿರುದ್ಧ ಇಲ್ಲ. ಪಕ್ಕದ ಮನೇಲಿ ಮಕ್ಕಳು ಮಲಗ್ತಾರೆ. ಆದ್ರೆ ಆ ಸ್ವಿಚ್ಚು ನುಂಗಿದ ಟೈಮ್ ಎಲ್ಲಾ ಇವನ ಪಾಲಿಂದ ಹೋಯ್ತು. ಬೆಂಕಿಗೆ ಹಿಡಿದು ಅಷ್ಟು ಹೊತ್ತು ಹದ ಮಾಡಿದ್ದ ತಮಟೆ, ಬಾರಿಸಿದ್ದು ಹನ್ನೆರಡು ಹದಿಮೂರು ನಿಮಿಷ.

ಮೂವರದೂ ಇನ್ನೂ ಆಲ್ಬಮ್ ಇಲ್ಲ, ಫೋನಲ್ಲಿ ರೆಕಾರ್ಡ್ ಮಾಡಿದ್ದು ಮಾತ್ರ. ಹೆಸರು, ಪೇಜು ಎಲ್ಲಾ ಕೆಳಗೆ ಹಾಕಿರ್ತೀನಿ. ಬ್ಯಾಟರಿ ಕೆಂಪಿಗೆ ಬಂತು, ಮೆಟ್ರೋ ಹಿಡೀಬೇಕು, ಬರ್ತೀನಿ.