ಹಳೆಯ ವಿಂಡೋಸ್ ಅಳಿಸುವ ಮೊದಲು ಒಳಗೆ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಈಗ ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲಿ ನೋಡಿದರೂ ಅಂಗಡಿ, ಪ್ರೆಸ್ಸು, ಶಾಲೆಗಳಲ್ಲಿ ವಿಂಡೋಸ್ 11 ಹಾಕಿಸುವ ಗಡಿಬಿಡಿ. ಹಾಕಿಸಿ, ಒಳ್ಳೆಯದೇ. ಹಾಕಿಸಿದ ಮೇಲೆ ಎಲ್ಲರೂ ಕೇಳುವುದು ಒಂದೇ. "ಹಳೇದನ್ನ ತೆಗಿಯೋದು ಹ್ಯಾಂಗ್ರಿ? ಸಿ ಡ್ರೈವ್ ತುಂಬಿ ಕೆಂಪಗಾಗೇತಿ."

ನಾನು ಹೇಳುವುದೂ ಒಂದೇ. ಅಳಿಸುವ ಮೊದಲು ಒಳಗೆ ಏನಿದೆ ನೋಡಿ. ಬೇಕಾದ್ದನ್ನು ಹೊರಗೆ ತೆಗೆದುಕೊಳ್ಳಿ. ಆಮೇಲೆ ಅಳಿಸಿ.

ಸಿ ಡ್ರೈವ್ ತೆರೆದರೆ 'ವಿಂಡೋಸ್ ಡಾಟ್ ಓಲ್ಡ್' ಅಂತ ಒಂದು ಫೋಲ್ಡರ್ ಕಾಣುತ್ತದೆ. ನಿಮ್ಮ ಹಳೆಯ ವಿಂಡೋಸ್ ಅದೇ. ಹತ್ತಿಪ್ಪತ್ತು ಜಿಬಿ ಜಾಗ ಹಿಡಿದು ಕೂತಿರುತ್ತದೆ. ಅಪ್‌ಗ್ರೇಡ್ ಮಾಡಿದವರಿಗೆ ಹೊಸದು ಸರಿಬರದಿದ್ದರೆ ಹಿಂದಕ್ಕೆ ಹೋಗಲಿ ಅಂತ ಇಟ್ಟಿರುತ್ತಾರೆ. 10 ದಿನ ಕಳೆದರೆ ಕಂಪ್ಯೂಟರ್ ತಾನೇ ಅದನ್ನು ತೆಗೆದುಹಾಕುತ್ತದೆ, ನಿಮ್ಮನ್ನು ಕೇಳುವುದಿಲ್ಲ.

ಇದ್ದದ್ದರ ಮೇಲೆಯೇ ಅಪ್‌ಗ್ರೇಡ್ ಮಾಡಿದ್ದರೆ ನಿಮ್ಮ ಫೈಲು, ಫಾಂಟು ಹೊಸದಕ್ಕೂ ಬಂದಿರುತ್ತವೆ. ಆದರೆ ನಮ್ಮ ಕಡೆ ರಿಪೇರಿಯವರು ಪೆನ್‌ಡ್ರೈವ್ ಹಾಕಿ ಹೊಸದಾಗಿಯೇ ಕೂರಿಸುವುದು ಜಾಸ್ತಿ. ಸಿ ಡ್ರೈವ್ ಫಾರ್ಮ್ಯಾಟ್ ಮಾಡದೆ, ಅಂದರೆ ಪೂರ್ತಿ ಅಳಿಸದೆ, ಹಾಗೆ ಕೂರಿಸಿದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫಾಂಟ್ ಎಲ್ಲ ಆ ಓಲ್ಡ್ ಫೋಲ್ಡರಿನಲ್ಲೇ ಉಳಿಯುತ್ತವೆ. ನೀವು ಕಸ ಅಂತ ಅಳಿಸಲು ಹೊರಟದ್ದು ನಿಮ್ಮ ದುಡಿಮೆಯನ್ನೇ ಆಗಿರಬಹುದು.

ಗದಗಿಗೆ ಮುದ್ರಣಕಾಶಿ ಅಂತ ಹೆಸರು. ಅಲ್ಲಿ ನನಗೆ ಪರಿಚಯದ ಒಂದು ಪ್ರೆಸ್ ಇದೆ. ಲಗ್ನದ ಸೀಸನ್‌ನಲ್ಲೇ ಅವರು ಹೊಸ ವಿಂಡೋಸ್ ಹಾಕಿಸಿದರು. ಬರುತ್ತಿದ್ದದ್ದೆಲ್ಲ ಹೊಸ ಕೆಲಸ, ಹಾಗಾಗಿ ಯಾರಿಗೂ ಹಳೆಯ ಫೈಲು ಬೇಕಾಗಲಿಲ್ಲ. ಡಿಟಿಪಿ ಮಾಡುವ ಹುಡುಗ ಚುರುಕು. ಸಿ ಡ್ರೈವ್ ಕೆಂಪಾದದ್ದು ನೋಡಿ ಕ್ಲೀನಪ್ ತೆರೆದ, ಇದ್ದಬದ್ದ ಚೌಕಕ್ಕೆಲ್ಲ ಟಿಕ್ ಹಾಕಿದ, ಓಕೆ ಒತ್ತಿದ.

ಆಮೇಲೆ ನರಗುಂದದ ಕಡೆಯ ಒಬ್ಬ ತಾಯಿ ಬಂದರು. ಹಿರೇ ಮಗಳ ಲಗ್ನಪತ್ರಿಕೆ ಅದೇ ಪ್ರೆಸ್ಸಿನಲ್ಲಿ ಆಗಿತ್ತು. "ಹೋದ ಸಲದ ಹಂಗ ಮಾಡ್ರಿ. ಹೆಸರು, ಮುಹೂರ್ತ ಬದಲಿಸಿದ್ರ ಸಾಕು" ಅಂದರು. ಹುಡುಗ ಡೆಸ್ಕ್‌ಟಾಪ್ ಹುಡುಕಿದ, ಏನೂ ಇಲ್ಲ. ಪೆನ್‌ಡ್ರೈವ್‌ನಲ್ಲಿ ಪತ್ರಿಕೆಯ ಬರಹ ಮಾತ್ರ ಒಂದು ಪ್ರತಿ ಸಿಕ್ಕಿತು. ತೆರೆದರೆ ಕನ್ನಡವೇ ಇಲ್ಲ! ಮೇಲೆ ಚುಕ್ಕಿ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ವೈರಸ್ ಬಂತು ಅಂತ ಮಾಲಕರು ನನಗೆ ಫೋನ್ ಮಾಡಿದರು.

ವೈರಸ್ ಅಲ್ಲ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಫಾಂಟ್ ಹೋದರೆ ಕನ್ನಡ ಹೋಯಿತು. ನುಡಿ ಉಚಿತವಾಗಿ ಸಿಗುತ್ತದೆ, ಹಾಕಿಕೊಟ್ಟೆ. ಪರದೆಯ ಮೇಲೆ 'ಶ್ರೀ' ಮೂಡಿತು. ಆ ತಾಯಿಯ ಮುಖ ಅರಳಿತು. ಮಾಲಕರು ಮಾತ್ರ ಮೆಲ್ಲಗೆ ಕೇಳಿದರು, "ಅಕ್ಷರ ಬಂದ್ವು ಸರ್. ಡಿಸೈನ್?"

ಡಿಸೈನ್ ಬರಲಿಲ್ಲ. ಎಸ್‌ಎಸ್‌ಡಿಯಲ್ಲಿ, ಅಂದರೆ ತಿರುಗುವ ತಟ್ಟೆ ಇಲ್ಲದ ಚಿಪ್ಪಿನ ಡಿಸ್ಕಿನಲ್ಲಿ, ಅಳಿಸಿದ್ದನ್ನು ವಾಪಸ್ ತರುವುದು ಬಹಳ ಕಷ್ಟ. ಅಳಿಸಿದ ಜಾಗವನ್ನು ಡಿಸ್ಕ್ ತಾನೇ ಖಾಲಿ ಮಾಡಿಕೊಂಡುಬಿಡುತ್ತದೆ. ವರ್ಷಗಟ್ಟಲೆ ಕೂಡಿಟ್ಟ ಬಾರ್ಡರು, ಗಣಪತಿ ಚಿತ್ರ, ಮನೆತನಗಳ ಪತ್ರಿಕೆ ಎಲ್ಲ ಹೋದವು. ಆ ತಾಯಿ ಚೀಲದಿಂದ ಹಿರೇ ಮಗಳ ಪತ್ರಿಕೆ ತೆಗೆದುಕೊಟ್ಟರು. ನಾಲ್ಕೂ ಮೂಲೆಗೆ ಹಚ್ಚಿದ ಅರಿಶಿನ ಇನ್ನೂ ಹಾಗೇ ಇತ್ತು. ಹುಡುಗ ಅದನ್ನು ಮುಂದಿಟ್ಟುಕೊಂಡು ಮೊದಲಿನಿಂದ ಮಾಡಿದ. ಅಳಿಸುವ ಮೊದಲು ಐದು ನಿಮಿಷ ಒಳಗೆ ನೋಡಿದ್ದರೆ ಸಾಕಿತ್ತು!

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳೂ ಕೇಳಿಸಿಕೊಳ್ಳಿ. ಟ್ಯಾಲಿ ಪ್ರೈಮ್‌ನ ಲೆಕ್ಕ, ನೀವು ಜಾಗ ಬದಲಿಸದಿದ್ದರೆ, ಸಿ ಡ್ರೈವ್‌ನ ಯೂಸರ್ಸ್ ಒಳಗೆ ಪಬ್ಲಿಕ್ ಫೋಲ್ಡರಿನಲ್ಲಿ ಇರುತ್ತದೆ. ಹೊಸದಾಗಿ ವಿಂಡೋಸ್ ಕೂರಿಸಿದಾಗ ಅದೂ ಓಲ್ಡ್ ಒಳಗೆ ಹೋಗಿರುತ್ತದೆ. ಮೊದಲು ಅದನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ. ಟ್ಯಾಲಿಯಲ್ಲಿ ತೆರೆದು ನೋಡಿ. ದಯವಿಟ್ಟು 'ಆಮೇಲೆ ನೋಡಿದರಾಯ್ತು' ಅನ್ನಬೇಡಿ.

ಸಮಯ ಕಡಿಮೆ ಇದೆ, ಅಳಿಸುವ ದಾರಿ ಬೇಗ ಹೇಳುತ್ತೇನೆ. ಆ ಫೋಲ್ಡರ್ ಮೇಲೆ ಡಿಲೀಟ್ ಒತ್ತಿದರೆ ಅನುಮತಿ ಇಲ್ಲ ಅನ್ನುತ್ತದೆ, ಸುಮ್ನೆ ಗುದ್ದಾಡಬೇಡಿ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್. ಅಲ್ಲಿ 'ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಶನ್' ಅಂತ ಇರುತ್ತದೆ. ಅದಕ್ಕೊಂದಕ್ಕೇ ಟಿಕ್ ಹಾಕಿ. ಅದೇ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಕೂಡ ಇರುತ್ತದೆ. ಮಕ್ಕಳ ಮಾರ್ಕ್ಸ್ ಕಾರ್ಡು, ಪಹಣಿ ಎಲ್ಲ ಇಳಿಸಿಟ್ಟದ್ದು ಅಲ್ಲೇ ಅಲ್ವಾ? ಅದಕ್ಕೆ ಟಿಕ್ ಹಾಕಬೇಡಿ.

ಕೆಲವರ ಕಂಪ್ಯೂಟರಿನಲ್ಲಿ ಶುರುವಾಗುವಾಗ ಯಾವ ವಿಂಡೋಸ್ ಬೇಕು ಅಂತ ಕೇಳುತ್ತದೆ. ಅಂದರೆ ಎರಡೂ ಬೇರೆ ಬೇರೆ ಜಾಗದಲ್ಲಿ ಕೂತಿವೆ. ಹೊಸದಕ್ಕೆ ಹೋಗಿ, ಬೇಕಾದ್ದು ಕಾಪಿ ಮಾಡಿಕೊಳ್ಳಿ. ವಿಂಡೋಸ್‌ನಲ್ಲೇ ಇರುವ 'ಎಂಎಸ್‌ಕಾನ್ಫಿಗ್' ತೆರೆದು ಬೂಟ್ ಪಟ್ಟಿಯಿಂದ, ಅಂದರೆ ಶುರುವಾಗುವಾಗ ಕೇಳುವ ಆ ಪಟ್ಟಿಯಿಂದ, ಹಳೆಯ ಹೆಸರು ತೆಗೆಯಿರಿ. ಆಮೇಲೆ ಡಿಸ್ಕಿನ ಭಾಗಗಳನ್ನು ತೋರಿಸುವ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹಳೆಯ ಜಾಗ ಫಾರ್ಮ್ಯಾಟ್ ಮಾಡಬಹುದು. ಆದರೆ 'ಸಿಸ್ಟಮ್' ಅಂತ ಬರೆದ ಭಾಗವನ್ನು ಮುಟ್ಟಬೇಡಿ. ಅದು ಬರೀ 100 ಎಂಬಿ ಇದ್ದರೂ ಕಂಪ್ಯೂಟರ್ ಶುರುವಾಗುವುದು ಅದರಿಂದಲೇ.

ಹೊಸದು ಎಸ್‌ಎಸ್‌ಡಿಯಲ್ಲಿ, ಹಳೆಯದು ಬೇರೆ ಹಾರ್ಡ್‌ಡಿಸ್ಕಿನಲ್ಲಿ ಇದ್ದರೆ ಪೂರ್ತಿ ಆಫ್ ಮಾಡಿ, ಕರೆಂಟಿನ ವೈರ್ ತೆಗೆದು, ಹಳೆಯ ಡಿಸ್ಕಿನ ಕೇಬಲ್ ಬಿಚ್ಚಿ ಒಮ್ಮೆ ಶುರು ಮಾಡಿ ನೋಡಿ. ಶುರುವಾಗದಿದ್ದರೆ ಬೂಟ್ ಫೈಲುಗಳು ಇನ್ನೂ ಹಳೆಯ ಡಿಸ್ಕಿನಲ್ಲೇ ಇವೆ ಅಂತ ಅರ್ಥ. ಆಗ ಕೇಬಲ್ ಮತ್ತೆ ಹಾಕಿ, ತಿಳಿದವರನ್ನು ಕರೆಯಿರಿ. ಶುರುವಾಯಿತೋ, ಧೈರ್ಯವಾಗಿ ಫಾರ್ಮ್ಯಾಟ್ ಮಾಡಿ.

ನಮಸ್ಕಾರ.