ಟರ್ಬೊಗೆ ಒಂದು ಮಿಲಿಮೀಟರಿನ ತೂಬು

ಕೇಳುಗರೆಲ್ಲರಿಗೂ ನಮಸ್ಕಾರ.

ಕೆರೆಯ ನೀರನ್ನು ಗದ್ದೆಗೆ ಬಿಡಲು ಯಾರೂ ಏರಿಯನ್ನು ಒಡೆಯುವುದಿಲ್ಲ. ತೂಬಿನ ಕಂಡಿ ಎಷ್ಟು ಅಗಲವಿದೆಯೋ ಅಷ್ಟೇ ನೀರು ಕಾಲುವೆಗೆ ಇಳಿಯುತ್ತದೆ. ಕಾರಿನ ಎಂಜಿನ್‌ನಿಂದ ಟರ್ಬೊಚಾರ್ಜರ್‌ಗೆ ಹೋಗುವ ಎಣ್ಣೆಯ ದಾರಿಯಲ್ಲಿಯೂ ಕೆಲವೊಮ್ಮೆ ಇಂಥದೊಂದು ತೂಬು ಬೇಕಾಗುತ್ತದೆ. ಗ್ಯಾರೇಜಿನವರು ಅದನ್ನು ಆಯಿಲ್ ರಿಸ್ಟ್ರಿಕ್ಟರ್ ಎನ್ನುತ್ತಾರೆ. ನೋಡಲು ಅದು ನಡುವೆ ಸೂಜಿಯಷ್ಟು ರಂಧ್ರವಿರುವ ಹಿತ್ತಾಳೆಯ ತುಂಡು, ಅಷ್ಟೆ. ಅದನ್ನು ನಾವೇ ಮಾಡಿಕೊಳ್ಳುವುದು ಹೇಗೆ, ಮಾಡುವ ಮೊದಲು ಅದು ನಿಜವಾಗಿ ಬೇಕೇ ಎಂದು ತಿಳಿಯುವುದು ಹೇಗೆ ಎಂಬುದು ಈ ಹೊತ್ತಿನ ನನ್ನ ಮಾತಿನ ವಿಷಯ. ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾದ್ದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಟರ್ಬೊಚಾರ್ಜರ್ ಹೊಸ ಕಲ್ಪನೆಯೇನಲ್ಲ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ 1905ರಲ್ಲಿಯೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಎಂಜಿನ್ ಉಗುಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಚಿಕ್ಕ ಕಾರುಗಳಲ್ಲಿ ಕಿರುಬೆರಳಿಗಿಂತ ಸಣ್ಣಗಿರುವ ಈ ದಂಡ ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗುವುದುಂಟು. ಅಷ್ಟು ವೇಗದಲ್ಲಿ ಲೋಹಕ್ಕೆ ಲೋಹ ತಾಗಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಹಾಗೆ ತಾಗದಂತೆ ಕಾಯುವುದು ಎಣ್ಣೆ, ಮತ್ತು ಅದು ಕಾಯುವ ರೀತಿ ಎರಡು ಬಗೆಯದು.

ನಮ್ಮ ರಸ್ತೆಗಳಲ್ಲಿ ಕಾಣುವ ಬಹುಪಾಲು ಡೀಸೆಲ್ ಕಾರುಗಳ ಟರ್ಬೊದಲ್ಲಿ ದಂಡವು ಲೋಹದ ಕೊಳವೆಯಂಥ ಬುಷ್‌ಗಳ ಒಳಗೆ ತಿರುಗುತ್ತದೆ. ಬುಷ್‌ನ ಒಳಗೂ ಹೊರಗೂ ಎಣ್ಣೆಯ ತೆಳು ಪದರವಿದ್ದು, ದಂಡ ಆ ಪದರದ ಮೇಲೆ ತೇಲುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ. ಇಲ್ಲಿ ಎಣ್ಣೆಯ ಒತ್ತಡವೇ ಆಧಾರ. ಬಿಸಿಯನ್ನು ಹೊತ್ತೊಯ್ಯುವುದೂ ಅದೇ ಎಣ್ಣೆ. ಇಂಥ ಟರ್ಬೊಗೆ ಎಣ್ಣೆಯನ್ನು ಕಡಿಮೆ ಮಾಡುವುದೆಂದರೆ ಅನ್ನದ ತಟ್ಟೆಗೇ ಕೈ ಹಾಕಿದಂತೆ. ಎರಡನೆಯ ಬಗೆ ಬಾಲ್ ಬೇರಿಂಗ್‌ನದು. ಅದರ ಗುಂಡುಗಳಿಗೆ ಸ್ವಲ್ಪವೇ ಎಣ್ಣೆ ಸಾಕು. ಹೆಚ್ಚಾದರೆ ಗುಂಡುಗಳು ಅದನ್ನು ಕಡೆಯುತ್ತಾ ಕೂರುತ್ತವೆ, ಉಳಿದ ಎಣ್ಣೆ ಪಕ್ಕದ ಸೀಲ್‌ಗಳ ಕಡೆಗೆ ನುಗ್ಗುತ್ತದೆ. ಟರ್ಬೊ ತಯಾರಿಸುವ ಗ್ಯಾರೆಟ್ ಕಂಪನಿಯ ಸಲಹೆಯೂ ಈ ವ್ಯತ್ಯಾಸವನ್ನೇ ಹಿಡಿದಿದೆ. ಬಾಲ್ ಬೇರಿಂಗ್ ಟರ್ಬೊ ಆದರೆ, ಎಂಜಿನ್ ತನ್ನ ಗರಿಷ್ಠ ವೇಗದಲ್ಲಿರುವಾಗ ಟರ್ಬೊ ಬಾಯಲ್ಲಿ ಚದರ ಇಂಚಿಗೆ 40ರಿಂದ 45 ಪೌಂಡ್, ಅಂದರೆ ಸುಮಾರು 3 ಬಾರ್ ಒತ್ತಡವಿರಬೇಕು, ಅದಕ್ಕೆ ಸಾಮಾನ್ಯವಾಗಿ 0.040 ಇಂಚಿನ, ಎಂದರೆ ಹೆಚ್ಚುಕಡಿಮೆ 1 ಮಿಲಿಮೀಟರಿನ ರಂಧ್ರ ಸಾಕು, ಅದಕ್ಕಿಂತ ಚಿಕ್ಕದು ಬೇಡ ಎನ್ನುತ್ತದೆ ಆ ಸಲಹೆ. ಬುಷ್ ಟರ್ಬೊಗೆ ಸಾಮಾನ್ಯವಾಗಿ ರಿಸ್ಟ್ರಿಕ್ಟರ್ ಬೇಕಿಲ್ಲ; ಒತ್ತಡ ಅತಿಯಾಗಿಯೇ ಎಣ್ಣೆ ಸೋರುತ್ತಿದೆ ಎಂದು ಖಚಿತವಾದಾಗ ಮಾತ್ರ ಆ ಯೋಚನೆ.

ಈ 'ಖಚಿತವಾದಾಗ' ಎಂಬ ಮಾತಿನಲ್ಲಿಯೇ ಬಹಳ ಜನ ಎಡವುತ್ತಾರೆ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತದೆ, ಗಾಳಿಯ ಪೈಪಿನೊಳಗೆ ಎಣ್ಣೆ ಜಿನುಗಿರುತ್ತದೆ. ಕೂಡಲೇ, ಟರ್ಬೊಗೆ ಎಣ್ಣೆ ಜಾಸ್ತಿಯಾಗಿದೆ, ಒಂದು ರಿಸ್ಟ್ರಿಕ್ಟರ್ ಹಾಕೋಣ ಎಂಬ ತೀರ್ಮಾನಕ್ಕೆ ಬರುತ್ತಾರೆ. ಟರ್ಬೊದ ಎರಡು ತುದಿಗಳಲ್ಲಿರುವ ಸೀಲ್‌ಗಳು ರಬ್ಬರಿನವಲ್ಲ, ಪಿಸ್ಟನ್ ರಿಂಗ್‌ನ ಹಾಗಿರುವ ಸಣ್ಣ ಲೋಹದ ಉಂಗುರಗಳು. ಅವು ಎಣ್ಣೆಯನ್ನು ಅಣೆಕಟ್ಟಿನಂತೆ ತಡೆದು ನಿಲ್ಲಿಸಲಾರವು. ಬೇರಿಂಗ್‌ನಿಂದ ಹೊರಬಿದ್ದ ಎಣ್ಣೆ ಗಾಳಿ ಬೆರೆತು ನೊರೆಯಾಗಿರುತ್ತದೆ; ಅದು ತನ್ನ ಭಾರದಿಂದಲೇ ಕೆಳಗಿನ ಪೈಪಿನಲ್ಲಿ ಇಳಿದು ಎಂಜಿನ್ ತಳದ ಎಣ್ಣೆ ತೊಟ್ಟಿಯಾದ ಸಂಪ್ ಸೇರಬೇಕು. ಆ ಪೈಪ್ ಕಟ್ಟಿಕೊಂಡರೆ, ಎಲ್ಲಾದರೂ ಸೊಟ್ಟಗಾದರೆ, ಅಥವಾ ಸಂಪ್‌ನಲ್ಲಿ ಎಣ್ಣೆಯ ಮಟ್ಟಕ್ಕಿಂತ ಕೆಳಗೆ ಹೋಗಿ ಸೇರಿದರೆ, ನೊರೆ ಮೇಲಕ್ಕೆ ನಿಂತು ಸೀಲ್ ದಾಟುತ್ತದೆ. ಬಚ್ಚಲ ತೂತು ಕಟ್ಟಿಕೊಂಡಾಗ ನಲ್ಲಿಯನ್ನು ಸಣ್ಣಗೆ ತಿರುಗಿಸುವವರನ್ನು ನಾವು ಜಾಣರೆನ್ನುವುದಿಲ್ಲ. ಎಂಜಿನ್ನಿನ ಕೆಳಭಾಗದ ಒಡಲಾದ ಕ್ರ್ಯಾಂಕ್‌ಕೇಸ್‌ನ ಗಾಳಿ ಹೊರಹೋಗುವ ದಾರಿ ಮುಚ್ಚಿ ಒಳಗೆ ಒತ್ತಡ ಹೆಚ್ಚಿದರೂ ಇದೇ ಕಥೆ.

ನಾನು ಕಂಡ ಒಂದು ಹಳೆಯ ಡೀಸೆಲ್ ಕಾರಿನ ಮಾತನ್ನು ಇಲ್ಲಿ ಹೇಳಬೇಕು. ಹೊಗೆ ನಿಲ್ಲಿಸಲೆಂದು ಯಾರೋ ಅದರ ಬುಷ್ ಟರ್ಬೊಗೆ 0.8 ಮಿಲಿಮೀಟರಿನ ರಂಧ್ರದ ಬೋಲ್ಟ್ ಹಾಕಿದ್ದರು. ಹೊಗೆ ಕಡಿಮೆಯಾಯಿತು; ಕೆಲವೇ ವಾರಗಳಲ್ಲಿ ದಂಡ ಬುಷ್‌ಗೆ ಕಚ್ಚಿ ಟರ್ಬೊ ನಿಂತುಹೋಯಿತು. ಬಿಚ್ಚಿ ನೋಡಿದಾಗ, ಕೆಳಗಿನ ಪೈಪಿನ ಜೋಡಣೆಗೆ ಗ್ಯಾಸ್ಕೆಟ್ ಬದಲು ಧಾರಾಳವಾಗಿ ಬಳಿದಿದ್ದ ಸಿಲಿಕಾನ್ ಪೇಸ್ಟ್ ಒಳಕ್ಕೆ ಹಿಂಡಿಕೊಂಡು ದಾರಿಯ ಅರ್ಧವನ್ನು ಮುಚ್ಚಿತ್ತು. ಆ ಪೇಸ್ಟನ್ನು ಕೆರೆದು ತೆಗೆಯಲು ಹಿಡಿದದ್ದು ಐದು ನಿಮಿಷ. ಆದ್ದರಿಂದ ಮೊದಲು ಕೆಳಗಿನ ಪೈಪನ್ನು ನೋಡಿ: ಅದರ ಒಳ ಅಗಲ ಕನಿಷ್ಠ ಅರ್ಧ ಇಂಚು ಇರಲಿ, ಆದಷ್ಟು ನೇರವಾಗಿ ಕೆಳಗಿಳಿಯಲಿ.

ಅದೆಲ್ಲ ಸರಿಯಿದ್ದು, ಟರ್ಬೊ ಬಾಲ್ ಬೇರಿಂಗ್‌ನದೇ ಆಗಿದ್ದು, ಒಳಗೇ ಕಿರಿದಾದ ರಂಧ್ರವನ್ನು ತಯಾರಕರು ಮೊದಲೇ ಕೂರಿಸಿಲ್ಲ ಎಂದು ನೋಡಿಕೊಂಡ ಮೇಲೆ ಕೆಲಸಕ್ಕೆ ಇಳಿಯಬಹುದು. ಒಂದರ ಮೇಲೊಂದು ಎರಡು ರಿಸ್ಟ್ರಿಕ್ಟರ್ ಕೂಡಿದರೆ ಬೇರಿಂಗ್ ಒಣಗುತ್ತದೆ.

ರಂಧ್ರದ ಲೆಕ್ಕ ಹೀಗಿದೆ. ಅದರ ಅಡ್ಡಳತೆ 1 ಮಿಲಿಮೀಟರಿನಿಂದ ಒಂದೂವರೆಗೆ ಹೋದರೆ ವಿಸ್ತೀರ್ಣ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು ಬೆಳೆಯುತ್ತದೆ. ರಂಧ್ರದ ಎರಡು ಬದಿಗಳ ಒತ್ತಡದ ವ್ಯತ್ಯಾಸ 3 ಬಾರ್ ಎಂದಿಟ್ಟುಕೊಂಡರೆ, 1 ಮಿಲಿಮೀಟರಿನ ಕಿರು ರಂಧ್ರದಲ್ಲಿ ಬಿಸಿ ಎಣ್ಣೆ ನಿಮಿಷಕ್ಕೆ ಒಂದು ಲೀಟರಿಗೆ ಸ್ವಲ್ಪ ಕಡಿಮೆ ಹಾಯುತ್ತದೆ. ಒಂದೂವರೆ ಮಿಲಿಮೀಟರಿನಲ್ಲಿ ಎರಡು ಲೀಟರ್. ಇಲ್ಲಿ ಒಂದು ಸೂಕ್ಷ್ಮವಿದೆ, ಅದು ಅನುಭವಿಗಳನ್ನೂ ಯಾಮಾರಿಸುತ್ತದೆ. ರಂಧ್ರವು ತಾನಾಗಿಯೇ ಒತ್ತಡವನ್ನು ಇಳಿಸುವುದಿಲ್ಲ. ಎಣ್ಣೆ ಹರಿಯುವಾಗ ಮಾತ್ರ ಇಳಿಸುತ್ತದೆ. ರಿಸ್ಟ್ರಿಕ್ಟರ್‌ನ ಆಚೆ ಗೇಜ್ ಕಟ್ಟಿ ಪೈಪನ್ನು ಅಲ್ಲಿಗೇ ಮುಚ್ಚಿದರೆ ಗೇಜ್ ಎಂಜಿನ್‌ನ ಪೂರ್ತಿ ಒತ್ತಡವನ್ನೇ ತೋರಿಸುತ್ತದೆ, ನೀವು ರಂಧ್ರ ತಪ್ಪಾಯಿತೆಂದು ಇನ್ನೂ ಕಿರಿದು ಮಾಡುತ್ತೀರಿ. ಗೇಜನ್ನು ಇಂಗ್ಲಿಷಿನ T ಆಕಾರದ ಜೋಡಣೆಯ ಮೂಲಕ ರಿಸ್ಟ್ರಿಕ್ಟರ್ ಮತ್ತು ಟರ್ಬೊಗಳ ನಡುವೆ ಕಟ್ಟಿ, ಎಣ್ಣೆ ಟರ್ಬೊದೊಳಗೆ ಹರಿಯುತ್ತಿರುವಾಗಲೇ ಓದಬೇಕು.

ತುಂಡನ್ನು ಮಾಡಲು ಹಿತ್ತಾಳೆಯೇ ಒಳ್ಳೆಯದು. ಅದು ಸಲೀಸಾಗಿ ಕೊರೆಯಲ್ಪಡುತ್ತದೆ, ತುಕ್ಕು ಹಿಡಿಯುವುದಿಲ್ಲ. ಟರ್ಬೊ ಬಾಯಿಗೆ ಕೂರುವ ಜೋಡಣೆಯ ಒಳಗೆ 6 ಮಿಲಿಮೀಟರಿನ ಟ್ಯಾಪ್ ಹಾಕಿ, ಅಂದರೆ ಸ್ಕ್ರೂ ಕೂರುವ ಸುರುಳಿ ಗೆರೆಗಳನ್ನು ಕೊರೆದು, ಅದಕ್ಕೆ ಹೊಂದುವ ತಲೆಯಿಲ್ಲದ ಹಿತ್ತಾಳೆ ಸ್ಕ್ರೂ ಒಂದನ್ನು ತೆಗೆದುಕೊಳ್ಳಿ. ಮೊದಲು ಒಂದು ಕಡೆಯಿಂದ 3 ಮಿಲಿಮೀಟರಿನ ಬಿಟ್‌ನಿಂದ ಕೊರೆಯುತ್ತಾ ಹೋಗಿ, ಕೊನೆಗೆ 2 ಮಿಲಿಮೀಟರಿನಷ್ಟು ದಪ್ಪದ ಗೋಡೆಯನ್ನು ಉಳಿಸಬೇಕು. ಆ ಗೋಡೆಗೆ ಮಾತ್ರ 1 ಮಿಲಿಮೀಟರಿನ ರಂಧ್ರ. ಇಷ್ಟೆಲ್ಲ ಯಾಕೆಂದರೆ, ರಂಧ್ರ ಉದ್ದವಾದಷ್ಟೂ ಅದು ಸಣ್ಣ ಪೈಪಿನಂತೆ ವರ್ತಿಸುತ್ತದೆ, ಹರಿವು ಎಣ್ಣೆಯ ಮಂದತನಕ್ಕೆ ಗುಲಾಮನಾಗುತ್ತದೆ. 15ಡಬ್ಲ್ಯು-40 ದರ್ಜೆಯ ಎಂಜಿನ್ ಎಣ್ಣೆಯು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ, 100 ಡಿಗ್ರಿಯಲ್ಲಿರುವುದಕ್ಕಿಂತ ಸುಮಾರು ಏಳು ಪಟ್ಟು ಮಂದವಾಗಿರುತ್ತದೆ. ಗೋಡೆ ತೆಳುವಾಗಿದ್ದರೆ ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಗೂ ಹರಿವಿನಲ್ಲಿ ಆಗುವ ಏರುಪೇರು ಅಷ್ಟರಮಟ್ಟಿಗೆ ತಗ್ಗುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಸಿಗುವ ಮಿಗ್ ವೆಲ್ಡಿಂಗ್‌ನ ತಾಮ್ರದ ಟಿಪ್ಪನ್ನು ಕತ್ತರಿಸಿ ಬಳಸುವ ಜಾಣ್ಮೆಯೂ ಬಳಕೆಯಲ್ಲಿದೆ. ನಾನದನ್ನು ತಪ್ಪೆನ್ನುವುದಿಲ್ಲ, ಆದರೆ ಅದರ ಮೇಲೆ ಬರೆದಿರುವುದು ತಂತಿಯ ಅಳತೆಯೇ ಹೊರತು ರಂಧ್ರದ್ದಲ್ಲ, ರಂಧ್ರ ಅದಕ್ಕಿಂತ ತುಸು ದೊಡ್ಡದು ಎಂಬುದು ನೆನಪಿರಲಿ.

1 ಮಿಲಿಮೀಟರಿನ ಬಿಟ್ಟನ್ನು ಕೈಡ್ರಿಲ್‌ಗೆ ಸಿಕ್ಕಿಸಿ ಒತ್ತಬೇಡಿ. ನನ್ನ ಕೈಯಲ್ಲಿಯೇ ಹೀಗೆ ಮುರಿದ ಬಿಟ್‌ನ ತುದಿಯೊಂದು ಹಿತ್ತಾಳೆಯೊಳಗೆ ಉಳಿದು, ಅರ್ಧ ದಿನದ ಕೆಲಸ ಕಸದ ಡಬ್ಬಿಗೆ ಹೋಗಿದೆ. ಲೇತ್ ಇದ್ದರೆ ಉತ್ತಮ, ಇಲ್ಲವೇ ಸ್ಟ್ಯಾಂಡಿಗೆ ಕೂರಿಸಿದ ಡ್ರಿಲ್ ಮೆಷಿನ್; ನಡುವಿಗೆ ಗುರುತು ಕೊಟ್ಟು, ವೇಗ ಹೆಚ್ಚಿಟ್ಟು, ಕೋಳಿ ಕಾಳು ಹೆಕ್ಕುವಂತೆ ಸ್ವಲ್ಪ ಕೊರೆದು ಹೊರಗೆಳೆದು ಸಿಪ್ಪೆ ಉದುರಿಸಿ ಮತ್ತೆ ಕೊರೆಯಬೇಕು. ಆಮೇಲೆ ರಂಧ್ರದ ಎರಡೂ ಬಾಯಿಗಳ ಮುಳ್ಳುಗಳನ್ನು ದೊಡ್ಡ ಬಿಟ್‌ನಿಂದ ಕೈಯಲ್ಲೇ ಒಂದೆರಡು ಸುತ್ತು ತಿರುಗಿಸಿ ತೆಗೆಯಿರಿ. ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಊದಿ, ಬೆಳಕಿಗೆ ಹಿಡಿದು ನೋಡಿ. 1 ಮಿಲಿಮೀಟರಿನ ಬಿಟ್‌ನ ಹಿಡಿ ಒಳಗೆ ಹೋಗಬೇಕು, 1.1ರದು ಹೋಗಕೂಡದು. ಒಂದು ಚೂರು ಹಿತ್ತಾಳೆ ಸಿಪ್ಪೆ ಬೇರಿಂಗ್‌ಗೆ ಹೋದರೂ ರಿಸ್ಟ್ರಿಕ್ಟರ್ ಹಾಕಿದ ಪುಣ್ಯವೆಲ್ಲ ನಷ್ಟ. ಸ್ಕ್ರೂ ಕೂತ ಮೇಲೆ ಅದರ ಅಂಚಿಗೆ ಪಂಚ್‌ನಿಂದ ಒಂದು ಏಟು ಹಾಕಿದರೆ ಅದು ಸಡಿಲವಾಗದು.

ಹಳೆಯ ರಂಧ್ರವನ್ನು ಬೆಸುಗೆಯ ಸೀಸದಿಂದ ಮುಚ್ಚಿ ಹೊಸದಾಗಿ ಕೊರೆಯುವವರಿದ್ದಾರೆ. ಸಾಮಾನ್ಯ ಸೀಸದ ಬೆಸುಗೆ 200 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಎಂಜಿನ್ ನಿಲ್ಲಿಸಿದ ಮೇಲೆ ಟರ್ಬೊದ ಬಿಸಿ ಆ ಜಾಗಕ್ಕೆ ಹಬ್ಬುವುದರಿಂದ ಈ ದಾರಿ ಬೇಡ. ನಲ್ಲಿ ರಿಪೇರಿಯ ಬಿಳಿ ಟೇಪನ್ನೂ ಇಲ್ಲಿ ಸುತ್ತಬೇಡಿ, ಅದರ ಒಂದು ಎಳೆ ಸಾಕು ಇಷ್ಟು ಕಿರಿದಾದ ರಂಧ್ರವನ್ನು ಕಟ್ಟಲು. ಹೊಸ ತಾಮ್ರದ ವಾಷರ್‌ಗಳೇ ಸರಿಯಾದ ಉಪಾಯ.

ರಿಸ್ಟ್ರಿಕ್ಟರ್ ಪೈಪಿನ ಯಾವ ತುದಿಯಲ್ಲಿರಬೇಕು ಎಂಬ ಪ್ರಶ್ನೆಯನ್ನು ಬಹಳಷ್ಟು ಮಂದಿ ಕೇಳುವುದೇ ಇಲ್ಲ. ಎಂಜಿನ್‌ನ ತುದಿಯಲ್ಲಿಟ್ಟರೆ, ರಾತ್ರಿ ಪೈಪ್ ಬರಿದಾಗಿದ್ದ ಪಕ್ಷದಲ್ಲಿ ಬೆಳಿಗ್ಗೆ ಆ ಪೈಪ್ ಪೂರ್ತಿ ತುಂಬುವುದು ಸಣ್ಣ ರಂಧ್ರದ ಮೂಲಕವೇ ಆಗಬೇಕು. 60 ಸೆಂಟಿಮೀಟರ್ ಉದ್ದ, 6 ಮಿಲಿಮೀಟರ್ ಒಳ ಅಗಲದ ಪೈಪಿಗೆ ಹಿಡಿಯುವುದು ಸುಮಾರು 17 ಮಿಲಿಲೀಟರ್. ಬಿಸಿ ಎಣ್ಣೆಗೆ ಒಂದು ಸೆಕೆಂಡಿನ ಕೆಲಸ, ತಣ್ಣನೆಯ ಎಣ್ಣೆಗೆ ಇನ್ನೂ ಹೆಚ್ಚು, ಮತ್ತು ಅಷ್ಟೂ ಹೊತ್ತು ದಂಡ ಒಣಗಿ ತಿರುಗುತ್ತದೆ. ಆದ್ದರಿಂದ ಅದರ ಜಾಗ ಟರ್ಬೊದ ಬಾಯಲ್ಲಿ.

ಕೂರಿಸಿದ ಮೇಲೆ ನೇರವಾಗಿ ಸ್ಟಾರ್ಟ್ ಮಾಡಬೇಡಿ. ಟರ್ಬೊದ ಎಣ್ಣೆ ಬಾಯಿಗೆ ಶುದ್ಧ ಎಣ್ಣೆಯನ್ನು ಸ್ವಲ್ಪ ಸುರಿದು, ದಂಡವನ್ನು ಬೆರಳಿನಿಂದ ತಿರುಗಿಸಿ, ಪೈಪ್ ಬಿಗಿದು, ಇಂಧನ ಹೋಗದಂತೆ ಮಾಡಿ, ಡ್ಯಾಶ್ ಬೋರ್ಡಿನಲ್ಲಿರುವ ಎಣ್ಣೆ ಒತ್ತಡದ ಎಚ್ಚರಿಕೆ ದೀಪ ಆರುವವರೆಗೆ ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸಿ. ಆಮೇಲೆ ಸ್ಟಾರ್ಟ್ ಮಾಡಿ, ಎಂಜಿನ್ ಪೂರ್ತಿ ಬಿಸಿಯಾದ ನಂತರ ಐಡ್ಲಿಂಗ್‌ನಲ್ಲಿಯೂ ಮೇಲಿನ ವೇಗದಲ್ಲಿಯೂ ಗೇಜ್ ಓದಿ ಬರೆದಿಟ್ಟುಕೊಳ್ಳಿ. ಮೇಲಿನ ವೇಗದಲ್ಲಿ 3 ಬಾರ್‌ನ ಆಸುಪಾಸಿನಲ್ಲಿದ್ದರೆ ರಂಧ್ರ ಸರಿಯಿದೆ. ಬಹಳ ಕೆಳಗಿದ್ದರೆ ತುಂಡನ್ನು ತೆಗೆದು ಹತ್ತನೆಯ ಒಂದು ಮಿಲಿಮೀಟರಿನಷ್ಟು ಮಾತ್ರ ಹಿಗ್ಗಿಸಿ ಮತ್ತೆ ಓದಿ. ರಂಧ್ರವನ್ನು ದೊಡ್ಡದು ಮಾಡುವುದು ಸುಲಭ, ಚಿಕ್ಕದು ಮಾಡಲು ಹೊಸ ತುಂಡೇ ಬೇಕು.

ಟರ್ಬೊ ಇಲ್ಲದ ಕಾರಿಗೆ ಹೊಸದಾಗಿ ಟರ್ಬೊ ಕೂರಿಸಿ ಅದಕ್ಕಾಗಿ ಈ ಕೆಲಸ ಮಾಡುವವರು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನು ಮೊದಲು ಓದಿಕೊಳ್ಳಲಿ. ನೋಂದಣಿ ಪತ್ರದಲ್ಲಿರುವುದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಅದು ನಿರ್ಬಂಧಿಸುತ್ತದೆ.

ಇನ್ನುಳಿದದ್ದು ಆರೈಕೆ. ದಪ್ಪ ಪೈಪಿನಲ್ಲಿ ಹಾದುಹೋಗುತ್ತಿದ್ದ ಮಸಿಯ ಕಣ ಈಗ ರಂಧ್ರದ ಬಾಯಲ್ಲಿ ನಿಲ್ಲಬಹುದು, ಆದ್ದರಿಂದ ಎಣ್ಣೆಯನ್ನೂ ಫಿಲ್ಟರನ್ನೂ ಹೇಳಿದ ಕಿಲೋಮೀಟರಿಗಿಂತ ಮೊದಲೇ ಬದಲಿಸಿ, ಪ್ರತಿ ಬಾರಿಯೂ ರಿಸ್ಟ್ರಿಕ್ಟರನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಜೋಡಣೆಯ ಮೇಲೆ ರಂಧ್ರದ ಅಳತೆಯನ್ನು ಕೊರೆದಿಡಿ. ನಾಳೆ ಬೇರೊಬ್ಬ ಮೆಕ್ಯಾನಿಕ್ ಅದನ್ನು ಬಿಚ್ಚಿದಾಗ, ಒಳಗಿರುವ ಹಿತ್ತಾಳೆ ಕಸವಲ್ಲ, ಬೇಕೆಂದೇ ಇಟ್ಟದ್ದು ಎಂಬುದು ಅವರಿಗೆ ತಿಳಿಯಬೇಕು. ನಮಸ್ಕಾರ.