ಚಿತ್ರ ಮಾರಾಟವಾದರೂ ವಾಟರ್‌ಕಲರ್ ಕಲಾವಿದರು ಪಾಠ ಯಾಕೆ ಬಿಡುವುದಿಲ್ಲ?

ನಮಸ್ಕಾರ. ಹಿಂದಿನ ವಿಡಿಯೋ ನೋಡಿದ ಒಬ್ಬರು ಒಂದು ಒಳ್ಳೆ ಪ್ರಶ್ನೆ ಹಾಕಿದ್ದರು. ವಾಟರ್‌ಕಲರ್ ಮಾಡುವವರಲ್ಲಿ ಯಾರನ್ನೇ ನೋಡಿ, ಹೆಸರು ದೊಡ್ಡದಿರಲಿ, ಚಿತ್ರಗಳು ಚೆನ್ನಾಗಿ ಹೋಗುತ್ತಿರಲಿ, ಎಲ್ಲೋ ಒಂದು ಕಡೆ ಕ್ಲಾಸ್ ತೆಗೆದುಕೊಳ್ಳುತ್ತಲೇ ಇರುತ್ತಾರೆ. ಯಾಕೆ? ಚಿತ್ರದಿಂದ ಹೊಟ್ಟೆ ತುಂಬಲ್ವಾ?

ಬಹಳ ಜನಕ್ಕೆ ತುಂಬಲ್ಲ. ಆದರೆ ಉತ್ತರ ಅಷ್ಟೇ ಆಗಿದ್ದರೆ ನಾನು ಇಲ್ಲೇ ಬೈ ಹೇಳಿ ಹೋಗುತ್ತಿದ್ದೆ. ನನಗೆ ಅನ್ನಿಸುವುದು ಏನೆಂದರೆ, ಈ ಬಣ್ಣ ಒಣಗುವ ರೀತಿಯಲ್ಲೇ ಪಾಠಕ್ಕೆ ಜಾಗ ಇದೆ.

ಬೇಸಿಕ್ಸ್ ಬೇಗ ಮುಗಿಸೋಣ. ಬಣ್ಣದ ಪುಡಿ, ಅಂಟಿಗೆ ಗಮ್ ಅರೇಬಿಕ್, ಗಟ್ಟಿಯಾಗಿ ಬಿರಿಯದಿರಲಿ ಅಂತ ಜೇನು ಅಥವಾ ಗ್ಲಿಸರಿನ್. ನೀರು ತಾಗಿದರೆ ಕರಗುತ್ತದೆ, ನೀರು ಆರಿದರೆ ಪೇಪರಿಗೆ ಹಿಡಿದುಕೊಳ್ಳುತ್ತದೆ. ಬಿಳಿ ಬೇಕಾದ ಕಡೆ ಪೇಪರನ್ನೇ ಖಾಲಿ ಬಿಡುವುದು ವಾಡಿಕೆ. ಮುಂದೆ ಹೋಗೋಣ.

[ಸ್ಕ್ರೀನ್ ಮೇಲೆ: ಒದ್ದೆ ಪೇಪರಿನ ಕ್ಲೋಸಪ್, ಪಕ್ಕದಿಂದ ಬೆಳಕು]

ಕೆಲಸ ಮಾಡುವಾಗ ಇವರ ಕಣ್ಣು ಪೇಪರಿನ ಹೊಳಪಿನ ಮೇಲೆ ಇರುತ್ತದೆ. ದೊಡ್ಡ ವಾಶ್, ಅಂದರೆ ನೀರು ಬೆರೆಸಿದ ಬಣ್ಣದ ತೆಳು ಪದರ, ಹಾಕಿದ ತಕ್ಷಣ ನೀರು ಮೇಲೆಯೇ ನಿಂತಿರುತ್ತದೆ, ಫಳಫಳ ಅನ್ನುತ್ತದೆ. ಆಗ ಇನ್ನೊಂದು ಬಣ್ಣ ಬಿಟ್ಟರೆ ತಾನೇ ಹರಡುತ್ತದೆ. ಸ್ವಲ್ಪ ಹೊತ್ತಿಗೆ ಹೊಳಪು ಮಂಕಾಗುತ್ತದೆ. ಅಂದರೆ ನೀರು ನಾರಿನೊಳಗೆ ಇಳಿದಿದೆ, ಆದರೆ ಒಣಗಿಲ್ಲ. ಅಪಾಯ ಇಲ್ಲೇ ಇರುವುದು. ಈ ಅರೆಹಸಿ ಹೊತ್ತಿನಲ್ಲಿ ನೀರು ತುಂಬಿದ ಬ್ರಶ್ ತಾಗಿಸಿದರೆ, ಹೊಸ ನೀರು ಅಲ್ಲಿದ್ದ ಬಣ್ಣವನ್ನು ದಬ್ಬಿಕೊಂಡು ಹೋಗಿ, ಅಂಕುಡೊಂಕು ಅಂಚಿನ ಒಂದು ಕಲೆ ಮಾಡಿಬಿಡುತ್ತದೆ. ಇದಕ್ಕೆ ಬ್ಲೂಮ್ ಅನ್ನುತ್ತಾರೆ. ಬೇಕೆಂದೇ ಮಾಡಿದರೆ ಚಂದ. ನೀಲಿ ಆಕಾಶದ ನಡುವೆ ತಾನಾಗಿ ಬಂದರೆ "ಅದು ಮೋಡ" ಅಂತ ಸಮಜಾಯಿಷಿ ಕೊಡಬೇಕಾಗುತ್ತದೆ.

ಈಗ ಇದನ್ನೇ ಒಂದು ರೂಮಿನ ತುಂಬ ಜನರ ಎದುರು, ಮಾತಾಡುತ್ತಾ ಮಾಡಬೇಕು. ಡೆಮೊ ಅಂದರೆ ಅದು. ಒಂದು ವಾಶ್ ಆರುವುದಕ್ಕೆ ಹವೆ ನೋಡಿಕೊಂಡು ಐದೋ ಹತ್ತೋ ಇಪ್ಪತ್ತೋ ನಿಮಿಷ ಬೇಕು. ಆ ಹೊತ್ತಿನಲ್ಲಿ ಕಲಾವಿದರಿಗೆ ಚಿತ್ರದಲ್ಲಿ ಮಾಡಲು ಏನೂ ಕೆಲಸ ಇಲ್ಲ, ಮುಟ್ಟಲೂಬಾರದು. ಸುಮ್ನೆ ಕೂರಬೇಕು, ಇಲ್ಲವೇ ಮಾತಾಡಬೇಕು. ಪಾಠ ಹೇಳುವುದಕ್ಕೆ ಇದಕ್ಕಿಂತ ಒಳ್ಳೆ ಬಿಡುವು ಎಲ್ಲಿ ಸಿಗುತ್ತದೆ ಹೇಳಿ. ಎಣ್ಣೆ ಬಣ್ಣದ ಪದರ ಆರುವುದಕ್ಕೆ ದಿನಗಟ್ಟಲೆ ಬೇಕು, ಅಷ್ಟು ಹೊತ್ತು ಯಾರೂ ಕ್ಲಾಸಿನಲ್ಲಿ ಕೂರುವುದಿಲ್ಲ. ವಾಟರ್‌ಕಲರ್ ಆದರೆ ಎರಡು ಗಂಟೆಯಲ್ಲಿ ಖಾಲಿ ಹಾಳೆಯಿಂದ ಸಹಿ ಹಾಕುವ ತನಕ ಮುಗಿಯುತ್ತದೆ. ಅವಸರಕ್ಕೆ ಹೇರ್ ಡ್ರೈಯರ್ ಹಿಡಿಯುವವರೂ ಇದ್ದಾರೆ. ಆಗ ಆ ಸದ್ದಿನಲ್ಲಿ ಪಾಠವೂ ಕೇಳಿಸುವುದಿಲ್ಲ, ಹಾಗಾಗಿ ನನಗೆ ಅದು ಅಷ್ಟು ಇಷ್ಟವಿಲ್ಲ.

ಕಷ್ಟ ಬರುವುದು ಹೊಳಪು ಇನ್ನೇನು ಹೋಗಬೇಕು ಅನ್ನುವ ಹೊತ್ತಿಗೆ ಹಿಂದಿನ ಸಾಲಿನಿಂದ ಯಾರಾದರೂ "ಇದು ಯಾವ ಬ್ರಶ್?" ಅಂತ ಕೇಳಿದಾಗ. ಒಳ್ಳೆ ಮೇಷ್ಟ್ರು ಅಲ್ಲಿ ವಾಕ್ಯದ ಮಧ್ಯದಲ್ಲೇ ಮಾತು ನಿಲ್ಲಿಸಿ, ಬ್ರಶ್ ಹಾಕಿ, ಆಮೇಲೆ ಉತ್ತರ ಕೊಡುತ್ತಾರೆ. ಅದನ್ನು ಸೊಕ್ಕು ಅಂದುಕೊಳ್ಳಬೇಡಿ.

ಸರಿ, ಈಗ ನನಗೆ ತುಂಬ ಇಷ್ಟವಾದ ಕಥೆಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

[ಸ್ಕ್ರೀನ್ ಮೇಲೆ: ಜಾನ್ ಸೆಲ್ ಕಾಟ್‌ಮನ್, 1782–1842]

ಇಂಗ್ಲೆಂಡಿನ ನಾರ್ವಿಚ್ ಊರಿನ ಕಾಟ್‌ಮನ್. ಇವತ್ತು ಇಂಗ್ಲಿಷ್ ವಾಟರ್‌ಕಲರಿನ ಬಹಳ ದೊಡ್ಡ ಹೆಸರು. ಅವರ ಕಾಲದಲ್ಲಿ ಹೊಟ್ಟೆಪಾಡಿಗೆ ಡ್ರಾಯಿಂಗ್ ಮೇಷ್ಟ್ರು. ಆಗಿನ ಪಾಠ ಅಂದರೆ ಮುಖ್ಯವಾಗಿ ಮೇಷ್ಟ್ರ ಚಿತ್ರ ಎದುರಿಗಿಟ್ಟುಕೊಂಡು ನಕಲು ಮಾಡುವುದು. ಆದರೆ ಒಬ್ಬ ಮನುಷ್ಯ ಎಷ್ಟು ಮನೆಗೆ ಹೋಗಿ ಪಾಠ ಹೇಳಲು ಸಾಧ್ಯ? 1809ರಲ್ಲಿ ಕಾಟ್‌ಮನ್ ಒಂದು ಉಪಾಯ ಮಾಡಿದರು. ನೂರಾರು ಚಿತ್ರಗಳನ್ನು ಸೇರಿಸಿ, ಅವುಗಳನ್ನು ಎರವಲು ಕೊಡುವ ಲೈಬ್ರರಿ ಶುರು ಮಾಡಿದರು. ಚಂದಾ ಕಟ್ಟಿ, ಚಿತ್ರ ಮನೆಗೆ ತೆಗೆದುಕೊಂಡು ಹೋಗಿ, ನೋಡಿ ಬಿಡಿಸಿ, ವಾಪಸ್ ಕೊಟ್ಟು ಬೇರೆ ತನ್ನಿ!

ಇದು ಇವತ್ತಿನ ಒಟಿಟಿ ಅಲ್ವಾ? ಸಬ್‌ಸ್ಕ್ರಿಪ್ಶನ್ ಇದೆ, ಕ್ಯಾಟಲಾಗ್ ಇದೆ, ಮುಂದಿನದ್ದಕ್ಕೆ ಕಾಯುವ ಜನ ಇದ್ದಾರೆ. ತಿಂಗಳ ಚಂದಾ ತೆಗೆದುಕೊಂಡು ಪಾಠದ ವಿಡಿಯೋ ಹಾಕುವ ಇವತ್ತಿನ ಕಲಾವಿದರು ಏನೋ ಹೊಸದು ಮಾಡುತ್ತಿದ್ದೇವೆ ಅಂದುಕೊಂಡಿದ್ದರೆ, ಪಾಪ, 200 ವರ್ಷ ತಡ. ಆ ಚಿತ್ರಗಳಿಗೆ ಕಾಟ್‌ಮನ್ ನಂಬರ್ ಹಾಕಿಟ್ಟಿದ್ದರು. ಮ್ಯೂಸಿಯಮ್‌ಗಳಲ್ಲಿರುವ ಕೆಲವು ಚಿತ್ರಗಳ ಮೇಲೆ ಆ ನಂಬರ್ ಈಗಲೂ ಕಾಣುತ್ತದೆ. ಒಟಿಟಿಯ ಪೈರಸಿ ಸಮಸ್ಯೆಯೂ ಇಲ್ಲಿದೆ ನೋಡಿ: ಶಿಷ್ಯರು ಅಷ್ಟು ಚೆನ್ನಾಗಿ ನಕಲು ಮಾಡಿದ್ದಾರೆ ಅಂದರೆ, ಕೆಲವನ್ನು ಇದು ಗುರುಗಳದ್ದೋ ಶಿಷ್ಯರದ್ದೋ ಅಂತ ಹೇಳುವುದು ಇವತ್ತಿನ ತಜ್ಞರಿಗೂ ಕಷ್ಟ. 1834ರಲ್ಲಿ ಕಾಟ್‌ಮನ್ ಲಂಡನ್ನಿನ ಕಿಂಗ್ಸ್ ಕಾಲೇಜ್ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾದರು, ಸಾಯುವ ತನಕ ಅಲ್ಲೇ ಕೆಲಸ. ಅಲ್ಲಿನ ಹುಡುಗರಲ್ಲಿ ಒಬ್ಬ ಮುಂದೆ ತಾನೂ ದೊಡ್ಡ ಕಲಾವಿದನಾದ ಡಾಂಟೆ ಗೇಬ್ರಿಯಲ್ ರೊಸೆಟ್ಟಿ.

ಕಾಟ್‌ಮನ್ ಒಬ್ಬರೇ ಅಲ್ಲ. ಅವರಿಗಿಂತ ಮುಂಚೆ ಪಾಲ್ ಸ್ಯಾಂಡ್‌ಬಿ 1768ರಿಂದ ವುಲ್‌ವಿಚ್‌ನ ಮಿಲಿಟರಿ ಅಕಾಡೆಮಿಯಲ್ಲಿ ಡ್ರಾಯಿಂಗ್ ಕಲಿಸಿದರು. ಸೈನ್ಯಕ್ಕೆ ಚಿತ್ರ ಯಾಕೆ ಅಂತೀರಾ? ಕ್ಯಾಮೆರಾ ಇರಲಿಲ್ಲ. ಎದುರಿನ ಗುಡ್ಡ, ಕೋಟೆ, ಹೊಳೆ ಹೇಗಿದೆ ಅಂತ ಅಧಿಕಾರಿಯೇ ಬಿಡಿಸಿ ಕಳಿಸಬೇಕಿತ್ತು. ಈ ಕಸುಬಿನ ಸಂಬಳ ಶುರುವಿನಿಂದಲೂ ಪಾಠದ ಕಡೆಯಿಂದಲೇ ಬಂದಿದೆ.

ಈಗಿನ ಕ್ಲಾಸಿಗೆ ಬರೋಣ. ಹೊಸಬರು ಬಂದು ಮೊದಲು ಕೇಳುವುದು ಬ್ರಶ್ ಮತ್ತು ಬಣ್ಣದ ಬಗ್ಗೆ. ಮೇಷ್ಟ್ರು ಜಗಳ ಆಡುವುದು ಪೇಪರ್ ಬಗ್ಗೆ. ತೆಳು ಪೇಪರ್ ಒದ್ದೆಯಾದರೆ ಉಬ್ಬುತ್ತದೆ, ಬಣ್ಣ ಹೋಗಿ ತಗ್ಗಿನಲ್ಲಿ ನಿಲ್ಲುತ್ತದೆ. ಮರದ ತಿರುಳಿನ ಅಗ್ಗದ ಪೇಪರ್ ಬೇಗ ಒಣಗುವುದು ಜಾಸ್ತಿ. ಡೆಮೊ ಮಾಡಿದ್ದು 300 ಜಿಎಸ್‌ಎಮ್ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹತ್ತಿ ಪೇಪರಿನ ಮೇಲೆ, ಶಿಷ್ಯರು ಮಾಡುತ್ತಿರುವುದು ನೋಟ್‌ಬುಕ್ಕಿನಲ್ಲಿ. ಆಮೇಲೆ "ನನಗೆ ಕೈ ಬರಲ್ಲ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ.

ಶಿಷ್ಯರ ಚಿತ್ರದ ಮೇಲೆ ಮೇಷ್ಟ್ರು ಬ್ರಶ್ ಹಾಕಬಹುದಾ ಅನ್ನುವುದು ಇನ್ನೊಂದು ಹಳೇ ಜಗಳ. ನಾನು ಬೇಡ ಅನ್ನುವ ಪಕ್ಷ. ಪಕ್ಕದಲ್ಲಿ ಬೇರೆ ಹಾಳೆ ಇಟ್ಟುಕೊಂಡು ತೋರಿಸಲಿ. ತಿದ್ದಿಕೊಟ್ಟ ಚಿತ್ರ ಮನೆಯಲ್ಲಿ ಹೊಗಳಿಕೆ ತರುತ್ತದೆ, ಆದರೆ ಆ ಹೊಗಳಿಕೆ ಯಾರಿಗೆ ಸೇರಬೇಕು?

ಪಾಠ ಕಲಾವಿದರನ್ನು ಕೆಡಿಸುವುದೂ ಉಂಟು. ಎರಡು ಗಂಟೆಯಲ್ಲಿ ಮುಗಿಯುವ, ಎಲ್ಲರಿಗೂ ಹಿಡಿಸುವ ಚಿತ್ರ ಯಾವುದು? ಮಂಜಿನ ಮರಗಳು, ಒಂದು ದೋಣಿ, ನೀರಿನಲ್ಲಿ ಅದರ ನೆರಳು. ವಾರ ವಾರ ಅದನ್ನೇ ಮಾಡಿ ಮಾಡಿ ಕೈಗೆ ಅಭ್ಯಾಸ ಕೂತುಬಿಡುತ್ತದೆ. ಸ್ಟುಡಿಯೊಗೆ ಬಂದು ಸ್ವಂತಕ್ಕೆ ಬ್ರಶ್ ಹಿಡಿದರೂ ಮತ್ತೆ ಅದೇ ದೋಣಿ. ವಾಟರ್‌ಕಲರ್ ಪ್ರದರ್ಶನಗಳಲ್ಲಿ ದೋಣಿ ಯಾಕೆ ಅಷ್ಟು ಅಂದರೆ, ನನ್ನ ಅನುಮಾನ ಇದರ ಮೇಲೆಯೇ.

ಟೈಮ್ ಆಗುತ್ತಿದೆ, ಉಳಿದದ್ದನ್ನು ಓಡಿಸುತ್ತೇನೆ. ಬ್ರಶ್ ಹಿಡಿಯುವುದು ದಿನದ ಒಂದು ಭಾಗ ಮಾತ್ರ. ಸ್ಕ್ಯಾನ್ ಮಾಡುವುದು, ಮೌಂಟ್, ಫ್ರೇಮ್, ಪ್ಯಾಕಿಂಗ್, ಕ್ಲಾಸಿನ ಫೀಸ್ ನೆನಪಿಸುವುದು, ಹೇಳಿ ಮಾಡಿಸುವವರಿಗೆ "ಬಣ್ಣ ಸ್ವಲ್ಪ ಬದಲಾಯಿಸಿ" ಅನ್ನುವುದು ವಾಟರ್‌ಕಲರಿನಲ್ಲಿ ಅಷ್ಟು ಸುಲಭ ಅಲ್ಲ ಅಂತ ತಿಳಿಸಿ ಹೇಳುವುದು. ಗ್ಯಾಲರಿಯಲ್ಲಿ ಮಾರಿದರೆ ಕಮಿಷನ್ ಅರ್ಧದ ಹತ್ತಿರ ಹೋಗುವುದೂ ಉಂಟು. ಕ್ಲಾಸಿನ ದುಡ್ಡು ಮೊದಲೇ ಬರುತ್ತದೆ. ಚಿತ್ರದ ದುಡ್ಡು ಬಂದಾಗ ಬಂತು.

ಪಾಠ ಬಿಡದಿರುವುದಕ್ಕೆ ಇನ್ನೊಂದು ಕಾರಣ ಬೆಳಕು. ಅಲಿಜರಿನ್ ಕ್ರಿಮ್ಸನ್ ಅನ್ನುವ ಕಡುಗೆಂಪು ಬಣ್ಣ ಇದೆಯಲ್ಲ, ಟ್ಯೂಬಿನ ಮೇಲೆ ಪಿಆರ್83 ಅಂತ ಅದರ ಕೋಡ್ ಇರುತ್ತದೆ, ಅದು ಬೆಳಕಿಗೆ ಮಾಸುತ್ತದೆ. ಬಣ್ಣ ಮಾಸುವುದರ ಬಗ್ಗೆ ರಸೆಲ್ ಮತ್ತು ಆಬ್ನಿ ಅನ್ನುವವರು ಪರೀಕ್ಷೆ ಮಾಡಿ 1888ರಲ್ಲೇ ದೊಡ್ಡ ವರದಿ ಕೊಟ್ಟಿದ್ದರು. ಮ್ಯೂಸಿಯಮ್‌ಗಳು ಇಂಥ ಚಿತ್ರಕ್ಕೆ ಸಾಮಾನ್ಯವಾಗಿ 50 ಲಕ್ಸ್ ಸುತ್ತಮುತ್ತ ಮಂದ ಬೆಳಕು ಇಡುತ್ತವೆ, ಕೆಲವು ಕಾಲ ತೋರಿಸಿ ಮತ್ತೆ ಒಳಗಿಡುತ್ತವೆ. ಹೆನ್ರಿ ವಾನ್ ಅನ್ನುವ ಸಂಗ್ರಾಹಕ ತನ್ನ ಹತ್ತಿರವಿದ್ದ, ಇಂಗ್ಲೆಂಡಿನ ಹೆಸರಾಂತ ಕಲಾವಿದ ಟರ್ನರ್ ಬಿಡಿಸಿದ ವಾಟರ್‌ಕಲರ್‌ಗಳಲ್ಲಿ ಎಡಿನ್‌ಬರೋದ ರಾಷ್ಟ್ರೀಯ ಗ್ಯಾಲರಿಗೆ 38, ಡಬ್ಲಿನ್ನಿನದಕ್ಕೆ 31 ಉಯಿಲಿನಲ್ಲಿ ಬರೆದಿಟ್ಟು, ಬೆಳಕು ತೀರಾ ಕಡಿಮೆ ಇರುವ ಜನವರಿಯಲ್ಲಿ ಮಾತ್ರ ತೋರಿಸಬೇಕು ಅಂತ ಷರತ್ತು ಹಾಕಿದ. 1900ರಿಂದ ಅವು ಅಲ್ಲಿವೆ, ಜನವರಿ ಪ್ರದರ್ಶನ ಈಗಲೂ ನಡೆಯುತ್ತದೆ. ಟರ್ನರ್ ಚಿತ್ರಕ್ಕೇ ವರ್ಷಕ್ಕೆ ಒಂದು ತಿಂಗಳು ಗೋಡೆ ಸಿಕ್ಕರೆ, ಉಳಿದವರು ಜನರ ಕಣ್ಣಿಗೆ ಬೀಳುವುದು ಡೆಮೊ ಮೇಜಿನ ಹತ್ತಿರವೇ ಜಾಸ್ತಿ.

ಮನೆಯಲ್ಲಿ ವಾಟರ್‌ಕಲರ್ ಇದ್ದರೆ ಬಿಸಿಲು ಬೀಳುವ ಗೋಡೆಯಿಂದ ತೆಗೆದುಬಿಡಿ. ಯಾವ ಪೇಪರ್ ಆಯ್ಕೆ ಮಾಡಬೇಕು ಅಂತ ಕೇಳಿದವರಿಗೆ ಮುಂದಿನ ವಾರ ಬೇರೆ ವಿಡಿಯೋ ಹಾಕುತ್ತೇನೆ.